ಕೊಟ್ರಮ್ಮನ ದನಿ

ಮೊನ್ನೆ ಹರಪನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿರುವ ಕಟಿಂಗ್ ಶಾಪಿನಲ್ಲಿ ಮುಖಕ್ಕೆಲ್ಲ ಸೋಪು ಬಳಿಸಿಕೊಂಡು ಕೂತಿದ್ದೆ. ಮೂಲೆಯ ಟಿ.ವಿ.ಯಲ್ಲಿ ಯಾವುದೋ ಹಳೆಯ ಸಿನಿಮಾ ಓಡುತ್ತಿತ್ತು. ಕನ್ನಡಿಯಲ್ಲಿ ಇಣುಕಿದರೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಾಯಕನನ್ನು ಬೈಯುತ್ತಿದ್ದಾಳೆ. "ಆ ದನಿ ಆಕೆಯದಲ್ಲ," ಅಂದುಬಿಟ್ಟೆ, ಸ್ವಲ್ಪ ಜೋರಾಗಿಯೇ. ಕತ್ತಿ ನನ್ನ ಗದ್ದದ ಮೇಲೆ ನಿಂತಿತು.

"ಯಾಕ್ ಸಾರ್, ಕೊಯ್ತಾ?"

"ಇಲ್ಲಪ್ಪ, ನೀನು ನಡೆಸು," ಎಂದು ಸುಮ್ಮನಾದೆ. ನಿಮಗೆ ಪೂರ್ತಿ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಕತ್ತಿಯಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕೊಟ್ಟೂರಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಹುಟ್ಟಿದ್ದು ಹಿರೇಹಡಗಲಿ. ಆದರೆ ನನ್ನ ಮಾತು ಕೇಳಿದ ಯಾರಿಗೂ ಅದು ಗೊತ್ತಾಗಬಾರದೆಂದು ಬಹಳ ಎಚ್ಚರ ವಹಿಸಿದ್ದೆ. ಮನೆಯಲ್ಲಿ ಹೆಂಡತಿಯನ್ನೂ "ಊಟ ಬಡಿಸುವೆಯಾ?" ಎಂದೇ ಕೇಳುತ್ತಿದ್ದೆ. "ಬಡಸ್ತೀನಿ, ಮೊದ್ಲ ನೆಟ್ಟಗ ಕೇಳ್ರಿ," ಅನ್ನುತ್ತಿದ್ದಳು ಅವಳು.

ನಮ್ಮ ಓಣಿಯ ಕೊನೆಯ ಮನೆ ಕೊಟ್ರಮ್ಮನದು. ಆಕೆ, ಆಕೆಯ ತಾಯಿ, ಇಬ್ಬರೇ. ಹಳ್ಳಿಯವರು ನಾಟಕ ಆಡುವಾಗ ಹೆಣ್ಣುಪಾತ್ರಗಳಿಗೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರಲ್ಲ, ಕೊಟ್ರಮ್ಮ ಹಾಗೆ ಹೋಗುತ್ತಿದ್ದವಳು. ಆಕೆಯದು ಹಾಸ್ಯಪಾತ್ರ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಕೊಟ್ರಮ್ಮ ಇದ್ದಾಳೆಂದರೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಮ್ಮೆ ಹೊಳಲಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ ದೊಡ್ಡ ಮನುಷ್ಯರೊಬ್ಬರು, "ಏ ಕೊಟ್ರಿ, ಮಾತು ಸಾಕು, ಒಂದೀಟು ಕುಣಿ," ಅಂದರಂತೆ. ಆಕೆ ಪಾತ್ರದಲ್ಲಿದ್ದ ಹಾಗೆಯೇ ಅವರ ಕಡೆ ತಿರುಗಿ, "ಬರ್ರಿ ಯಜಮಾನ್ರ, ಮೊದ್ಲ ನೀವು ಕುಣೀರಿ, ನೋಡಿ ಕಲೀತೀನಿ," ಅಂದಳು. ಅವರು ಕುಣಿಯಲಿಲ್ಲ. ನಾಟಕ ಮುಗಿಯುವವರೆಗೆ ಬಾಯಿಯನ್ನೂ ಬಿಡಲಿಲ್ಲ.

ಹಗರಿಬೊಮ್ಮನಹಳ್ಳಿಯ ನಾಟಕವೊಂದಕ್ಕೆ ಬಂದಿದ್ದ ಸಿನಿಮಾದವರೊಬ್ಬರು ಆಕೆಯನ್ನು ಬೆಂಗಳೂರಿಗೆ ಕರೆದರು. ಮರುದಿನವೇ ಆಕೆ ನಮ್ಮ ಪಡಸಾಲೆಗೆ ಬಂದು ಕೂತಳು.

"ಮೇಸ್ಟ್ರ, ನಾಯಕನ ಅತ್ತಿ ಪಾರ್ಟು ಐತಂತ. ಆದ್ರ ಶುದ್ಧ ಕನ್ನಡ ಬೇಕಂತ. ಕಲಿಸ್ರಿ."

ನನ್ನ ಜೀವಮಾನದಲ್ಲಿ ಅಷ್ಟು ಹುರುಪಿನಿಂದ ನಾನು ಯಾರಿಗೂ ಪಾಠ ಹೇಳಿದ್ದಿಲ್ಲ. ಐತಿ ಅಲ್ಲ, ಇದೆ. ಹೋಗ್ಯಾನ ಅಲ್ಲ, ಹೋಗಿದ್ದಾನೆ. ಮನಿ ಅಲ್ಲ, ಮನೆ. ಒಂದು ತಿಂಗಳು ದಿನಾ ಸಂಜೆ ಆಕೆ ಹೇಳುವುದು, ನಾನು ತಿದ್ದುವುದು. ಕೊನೆಗೆ ಆಕೆ ಇಡೀ ಸಂಭಾಷಣೆಯನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ.

"ಹೆಂಗೈತಿ, ಅಕ್ಕಾರ?" ಎಂದು ಕೊಟ್ರಮ್ಮ ಕೇಳಿದಳು.

"ತಪ್ಪೇನಿಲ್ಲ ಬಿಡವ್ವ. ನಗಿ ಒಂದು ಬರವಲ್ದು," ಅಂದಳು ಅವಳು.

ನನಗೆ ಸಿಟ್ಟು ಬಂತು. ಕೊಟ್ರಮ್ಮ ಮಾತ್ರ ಹೋಗಿ ಅವಳ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸತೊಡಗಿದಳು.

ಶೂಟಿಂಗಿನಿಂದ ಆಕೆ ಗೆಲುವಾಗಿಯೇ ಬಂದಳು. ಹೆಸರು ಬದಲಿಸಿ ಎಂದು ಹೇಳಿದ್ದರಂತೆ. "ಕೊಟ್ರಮ್ಮ ಅನ್ನಾಕ ನಾಲಿಗಿ ಹೊರಳದಿದ್ರ, 'ಏನವ್ವಾ' ಅಂತ ಕರೀರಿ, ಬರ್ತೀನಿ ಅಂದೆ," ಎಂದು ಹೇಳಿ ನಕ್ಕಳು. ಹೆಸರು ಉಳಿಯಿತು. ಆದರೆ ಹೆಸರಿನ ಮೇಲೆ ಕಣ್ಣಿಟ್ಟಿದ್ದವಳಿಗೆ ಇನ್ನೊಂದು ಹೋದದ್ದು ಗೊತ್ತೇ ಆಗಿರಲಿಲ್ಲ.

ಸಿನಿಮಾ ಕೊಟ್ಟೂರಿನ ಟಾಕೀಸಿಗೆ ಬಂದ ದಿನ ಇಡೀ ಓಣಿ ಮ್ಯಾಟಿನಿಗೆ ಹೋಯಿತು. ಪರದೆಯ ಮೇಲೆ ಕೊಟ್ರಮ್ಮ ಬಂದಾಗ ಬಿದ್ದ ಸಿಳ್ಳೆಗೆ ನನಗೇ ಮೈ ಜುಂ ಎಂದಿತು. ಆಮೇಲೆ ಆಕೆ ಬಾಯಿ ತೆರೆದಳು. ಬಂದದ್ದು ಯಾರೋ ಎಳೆಯ ಹುಡುಗಿಯ ಸಣ್ಣ ದನಿ. ಬಹಳ ಶುದ್ಧ, ಬಹಳ ನಯ. ಸಿಳ್ಳೆಗಳು ಅರ್ಧಕ್ಕೇ ನಿಂತವು.

"ಇದ್ಯಾರು ಮಾತಾಡಾಕತ್ತಾರ?" ಎಂದು ಆಕೆಯ ತಾಯಿ ಕೇಳಿದಳು. ಹಿಂದಿನ ಸಾಲಿನಿಂದ ಯಾರೋ, "ಕೊಟ್ರಮ್ಮ, ನಿನ್ನ ಗಂಟ್ಲಿಗೆ ಏನಾತವ್ವ?" ಎಂದರು.

ಕೊಟ್ರಮ್ಮ ನನ್ನ ಕಡೆ ನೋಡಿದಳು. ಸಿನಿಮಾದಲ್ಲಿ ಇದನ್ನು ಕಂಠದಾನ ಅನ್ನುತ್ತಾರೆ, ಒಬ್ಬರ ಪಾತ್ರಕ್ಕೆ ಇನ್ನೊಬ್ಬರು ದನಿ ಕೊಡುವುದು ಅಲ್ಲಿ ಪದ್ಧತಿ ಎಂದು ನಾನು ಪಿಸುಗುಟ್ಟಿದೆ.

"ದಾನ? ನಾ ಯಾರ ಹಂತ್ಯಾಕ ದಾನ ಬೇಡಿದ್ದೆ?" ಎಂದು ಎದ್ದು ನಿಂತಳು.

"ಕೂತ್ಕೊಳ್ಳಿ, ಜನ ನೋಡ್ತಾರೆ," ಅಂದೆ. ಎಷ್ಟು ವರ್ಷವಾದರೂ ಆ ಮಾತು ನೆನಪಾದಾಗ ನನಗೆ ನಾಚಿಕೆಯಾಗುತ್ತದೆ.

"ನೋಡಾಕಂತ್ಲೇ ಬಂದಾರ, ಬಿಡ್ರಿ," ಎಂದವಳು ಸಾಲು ದಾಟಿ, ಪರದೆಯ ಕೆಳಗೆ ಹೋಗಿ ನಮ್ಮತ್ತ ಮುಖ ಮಾಡಿ ನಿಂತಳು. ತಲೆಯ ಮೇಲೆ ಆಳೆತ್ತರದ ತನ್ನದೇ ಮುಖ. ಆಕೆಯ ಮುಂದಿನ ದೃಶ್ಯ ಬಂತು. ಮೇಲಿನ ತುಟಿ ಅಲುಗುವ ಮೊದಲೇ ಕೆಳಗಿನವಳು ಶುರು ಮಾಡಿದಳು. ನಾನು ಕಲಿಸಿದ ಕನ್ನಡದಲ್ಲಲ್ಲ. "ಲೇ ಅಳಿಯ, ಹೊತ್ತು ನೆತ್ತಿ ಮ್ಯಾಲೆ ಬಂದೈತಿ, ಇನ್ನೂ ಕೌದಿಯೊಳಗ ಏನು ಹುಡುಕಾಕತ್ತಿಯೋ?" ಬರೆದುಕೊಟ್ಟ ಮಾತೇ ಅದು, ಆದರೆ ಈಗ ಅದಕ್ಕೆ ಜೀವ ಬಂದಿತ್ತು. ಟಾಕೀಸು ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರು ಓಡಿ ಬಂದರು. ನಮ್ಮ ಸಾಲಿನಿಂದ ನನ್ನ ಹೆಂಡತಿ, "ಅಣ್ಣಾರ, ಸುಮ್ನ ಕುಂದರ್ರಿ, ಅಡ್ಡ ಬರಬ್ಯಾಡ್ರಿ," ಅಂದಳು. ಮುಂದಿನ ದೃಶ್ಯದಲ್ಲಿ ಮೇಲಿನ ಸಣ್ಣ ದನಿ ತಾನಾಗಿಯೇ ತಗ್ಗಿತು. ಒಳಗೆ ಯಂತ್ರದ ಮುಂದೆ ಕೂತಿದ್ದ ಆಪರೇಟರು ಯಾರ ಅಪ್ಪಣೆಗೂ ಕಾಯಲಿಲ್ಲ.

ಆ ವಾರವೆಲ್ಲ ದಿನಾ ಮ್ಯಾಟಿನಿಗೆ ಆಕೆ ಹೋಗಿ ನಿಂತಳು. ಉಜ್ಜಿನಿ, ಕೂಡ್ಲಿಗಿಯಿಂದಲೂ ಜನ ಬಂದರು. ಮ್ಯಾನೇಜರು ಎರಡನೆಯ ದಿನಕ್ಕೆ ಪರದೆಯ ಕೆಳಗೊಂದು ಮೈಕು ಇಡಿಸಿದ್ದರು.

ಇದು ಬೆಂಗಳೂರಿಗೆ ಮುಟ್ಟದೆ ಇರುತ್ತದೆಯೆ? ಸಿನಿಮಾಕ್ಕೆ ಅವಮಾನ ಮಾಡಿದಳೆಂದು ಅಲ್ಲಿಯವರು ಸಿಟ್ಟಾದರು. ಕ್ಷಮೆ ಕೇಳಿ ಒಂದು ಕಾಗದ ಬರೆದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು. ನಾನು ಒಳ್ಳೆಯ ಕನ್ನಡದಲ್ಲಿ ಕಾಗದ ಬರೆದು ಒಯ್ದೆ. ಆಕೆ ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಹೊಲಿಗೆ ಮೆಷಿನ್ನಿನ ಕಾಲಿನ ಕೆಳಗೆ ಇಟ್ಟಳು. "ಚಲೋ ಕುಂತ್ತು ನೋಡ್ರಿ," ಅಂದಳು.

ಮತ್ತೆ ಹಳ್ಳಿ ನಾಟಕ, ಮತ್ತೆ ಅದೇ ಕೆಂಪು ಬಸ್ಸು. ಕೆಲವು ವರ್ಷ ಸಿನಿಮಾಕ್ಕೆ ಯಾರೂ ಕರೆಯಲಿಲ್ಲ. ಆಮೇಲೆ ಇಬ್ಬರು ಬಂದರು. ದನಿ ತನ್ನದೇ ಇರಬೇಕು ಎಂದು ಆಕೆ ಹೇಳಿದೊಡನೆ ಚಹಾ ಕುಡಿದು ಎದ್ದು ಹೋದರು. ಆಗ ಮಾತ್ರ ಆಕೆ ಸೋತಂತೆ ಕಂಡಿದ್ದಳು. "ನನಗೂ ಆಸಿ ಇಲ್ಲಂತಲ್ಲ, ಮೇಸ್ಟ್ರ," ಎಂದು ಒಂದೇ ಒಂದು ಸಲ ಹೇಳಿದ್ದಳು. ಹೊಸ ಶತಮಾನ ಹುಟ್ಟಿದ ಮೇಲೆ ತರುಣ ನಿರ್ದೇಶಕನೊಬ್ಬ ಬಂದು, "ನಿಮ್ಮ ದನಿ ಕೇಳೇ ಬಂದಿದ್ದೀನಿ ಅಮ್ಮ," ಅಂದ. ಆ ಸಿನಿಮಾದಲ್ಲಿ ಐತಿ ಐತಿಯಾಗಿಯೇ ಉಳಿಯಿತು. ಮೈಸೂರು ಕಡೆಯ ಜನವೂ ನಕ್ಕರು.

ಆಮೇಲೆ ಆಕೆ ಮಾಡಿದ್ದು ಸಣ್ಣ ಸಣ್ಣ ಪಾತ್ರಗಳನ್ನೇ: ಅತ್ತೆ, ತರಕಾರಿಯವಳು, ಮನೆ ಕೆಲಸದವಳು. ಬಿಟ್ಟದ್ದೂ ಬಹಳ. ಬರೀ ಈ ಕಡೆಯ ಮಾತಿನ ಧಾಟಿಯನ್ನೇ ನಗೆಗೀಡು ಮಾಡುವ ಪಾತ್ರ ಬಂದರೆ ಬೇಡವೆನ್ನುತ್ತಿದ್ದಳು. "ನಾ ಏನು ಹೇಳ್ತೀನಿ ಅದಕ್ಕ ನಗ್ಲಿ. ಹೆಂಗ ಹೇಳ್ತೀನಿ ಅನ್ನಾದಕ್ಕ ನಗೂದಾದ್ರ ನಾ ಮನ್ಯಾಗ ಇರ್ತೀನಿ."

ನಾನೇನು ಒಂದೇ ದಿನಕ್ಕೆ ಬದಲಾದವನಲ್ಲ. ಪರೀಕ್ಷೆಯ ಉತ್ತರದಲ್ಲಿ ಐತಿ ಕಂಡರೆ ನಿವೃತ್ತಿಯಾಗುವವರೆಗೂ ಕೆಂಪು ಗೆರೆ ಎಳೆದೆ. ಆದರೆ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ತಮ್ಮ ಮನೆಯ ಮಾತಿನಲ್ಲಿ ಏನನ್ನಾದರೂ ಹೇಳತೊಡಗಿದರೆ, ಮುಗಿಯುವವರೆಗೆ ಬಾಯಿ ಹಾಕುವುದನ್ನು ಬಿಟ್ಟೆ.

ಕಟಿಂಗ್ ಶಾಪಿನಿಂದ ಬಂದವನು ಕೊಟ್ರಮ್ಮನಿಗೆ ಫೋನು ಮಾಡಿದೆ. ಬೆಂಗಳೂರಿನಲ್ಲಿ ಯಾವುದೋ ಧಾರಾವಾಹಿಯ ಕೆಲಸದಲ್ಲಿದ್ದಳು. ನಿಮ್ಮ ಬಗ್ಗೆ ಬರೆಯಬೇಕೆಂದಿದ್ದೇನೆ ಅಂದೆ.

"ಯಾವ ಕನ್ನಡದಾಗ?"

"ನನಗೆ ಬರುವುದು ಒಂದೇ, ಪುಸ್ತಕದ್ದು."

"ಬರೀರಿ, ನಿಮ್ಮ ಮಾತು ನಿಮ್ಮಂಗ ಇರ್ಲಿ. ನಾ ಮಾತಾಡೋ ಕಡಿ ಮಾತ್ರ ಕೈ ಹಚ್ಚಬ್ಯಾಡ್ರಿ."

ಹಚ್ಚಿಲ್ಲ.