ನಮ್ಮ ಓಣಿಯ ಕಂದೀಲು ಕಂಬ

ಎಪ್ಪತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಹಂಸಭಾವಿಯಿಂದ ಸವಣೂರಿಗೆ ಬಂದಾಗ, ನಮ್ಮ ಓಣಿಯ ತಿರುವಿನಲ್ಲಿ ನವಾಬರ ಕಾಲದ್ದೆಂದು ಹೇಳುವ ಕಬ್ಬಿಣದ ಕಂಬವೊಂದಿತ್ತು. ಅದರ ತುದಿಯಲ್ಲಿ ಗಾಜಿನ ಪೆಟ್ಟಿಗೆ, ಒಳಗೆ ಚಿಮಣಿ ಎಣ್ಣೆಯ ದೀಪ. ಊರಿಗೆ ಕರೆಂಟು ಬಂದ ಮೇಲೆ ಪುರಸಭೆಯವರು ಅದನ್ನು ಹಚ್ಚುವುದು ಬಿಟ್ಟಿದ್ದರು. ನಮ್ಮ ಅತ್ತೆ ಬಿಟ್ಟಿರಲಿಲ್ಲ. ದಿನಾ ಸಂಜೆ ತುಳಸಿಗೆ ದೀಪವಿಟ್ಟು, ಕಚ್ಚೆ ಬಿಗಿದು, ನಿಚ್ಚಣಿಕೆ ಹತ್ತುತ್ತಿದ್ದರು. ಮಾವ ಒಂದು ಕೈಯಲ್ಲಿ ಪುರಾಣದ ಪುಸ್ತಕ, ಇನ್ನೊಂದು ಕೈಯಲ್ಲಿ ನಿಚ್ಚಣಿಕೆ ಹಿಡಿದು ಕೆಳಗೆ ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಪುರಸಭೆಯ ಆಳುಗಳು ಹಾರೆ, ಹಗ್ಗ ತಂದರು. ಆ ಕಂಬ ಕಿತ್ತು ಟ್ಯೂಬ್‌ಲೈಟಿನ ಸಿಮೆಂಟ್ ಕಂಬ ನಿಲ್ಲಿಸಬೇಕಂತೆ. ಹಪ್ಪಳ ಒತ್ತುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದು ಕಂಬವನ್ನು ತಬ್ಬಿಕೊಂಡರು.

“ಬಾಯಾರ, ಬಿಡ್ರಿ. ಹೊಸಾ ದೀಪ ಹಾಕಾಕತ್ತೇವಿ,” ಎಂದರು ಆಳುಗಳ ಜೊತೆ ಬಂದಿದ್ದ ಇಂಜಿನಿಯರು.

“ಹಾಕ್ರಿ, ಬ್ಯಾಡ ಅಂದವರ್ಯಾರು? ಆ ಕಡೆ ಹಾಕ್ರಿ.”

“ಈ ಹಳೇದನ್ನ ಮುಂದ ಯಾರು ನೋಡ್ಕೋತಾರ್ರಿ?”

“ನನ್ನ ಸೊಸಿ!” ಅತ್ತೆ ಸೀದಾ ನನ್ನ ಕಡೆ ಬೊಟ್ಟು ಮಾಡಿದರು.

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಹೋಗಿ ಕಂಬದ ಇನ್ನೊಂದು ಮಗ್ಗುಲು ಹಿಡಿದೆ. ಅಷ್ಟರಲ್ಲಿ ಎದುರು ಮನೆಯ ಮುದುಕಿ, ನಾವೆಲ್ಲ ಖಾಲಾ ಎನ್ನುತ್ತಿದ್ದವಳು, ಆಳುಗಳಿಗೆಲ್ಲ ಚಹಾ ತಂದುಬಿಟ್ಟಳು. ಚಹಾ ಕುಡಿದ ಮೇಲೆ ಯಾರಿಗೂ ಹಾರೆ ಎತ್ತುವ ಮನಸ್ಸಾಗಲಿಲ್ಲ. ಇಂಜಿನಿಯರು ನಕ್ಕು, ಸಿಮೆಂಟ್ ಕಂಬವನ್ನು ಓಣಿಯ ಆಚೆ ಬದಿಗೆ ಹಾಕಿಸಿದರು.

ಅತ್ತೆ ಮಾತು ಕೊಟ್ಟ ಮೇಲೆ ನಾನು ದೀಪ ಹಚ್ಚುವುದನ್ನು ಕಲಿಯಲೇಬೇಕಾಯಿತು. ಕಚ್ಚೆ ಹಾಕದೆ ಉಟ್ಟ ಗೋಲ ಸೀರೆ ಕಾಲಿಗೆ ತೊಡರಿ ಎರಡೇ ಮೆಟ್ಟಿಲಿಗೆ ಕೆಳಗಿಳಿದೆ. ಅತ್ತೆ ತಮ್ಮದೊಂದು ಕಚ್ಚೆ ಸೀರೆ ಉಡಿಸಿದರು. ಬೂದಿಯಿಂದ ಗಾಜು ಉಜ್ಜುವುದು, ಗಾಳಿ ಬಂದಾಗ ಬತ್ತಿ ತಗ್ಗಿಸುವುದು ಎಲ್ಲ ಬಂತು. ಮೇಲೆ ನಿಂತರೆ ಹೆಂಚಿನ ಮನೆಗಳ ಆಚೆ ದೊಡ್ಡ ಹುಣಸೆ ಮರಗಳು ಕಾಣುತ್ತಿದ್ದವು. ಹೊಸ ಸೊಸೆಗೆ ಅಷ್ಟು ದೂರ ನೋಡುವ ಜಾಗ ಬೇರೆಲ್ಲಿತ್ತು!

ಮರುವರ್ಷ ನನ್ನ ನಾದಿನಿಯನ್ನು ನೋಡಲು ಹಾನಗಲ್ಲಿನವರು ಬರುವ ಸಂಜೆ ಕರೆಂಟು ಹೋಯಿತು. ನಾನು ಅವಸರದಲ್ಲಿ ನಿಚ್ಚಣಿಕೆ ಹತ್ತಿ ಕಂದೀಲು ಹಚ್ಚಿ ಬತ್ತಿ ಏರಿಸುತ್ತಿದ್ದಾಗ ಕೆಳಗಿನಿಂದ ಹೆಂಗಸಿನ ದನಿ ಬಂತು:

“ದೀಪ ನೋಡಿ ಈ ಕಡೆ ಬಂದ್ವಿ. ಹುಡುಗಿ ನೀನ ಏನವಾ? ಛಲೋ ಗಟ್ಟಿ ಇದ್ದಿ, ನಮಗ ಪಸಂದ ಅದ!”

ವರನ ತಾಯಿ! ನಾಚಿಕೆಯಿಂದ ನನಗೆ ಮೆಟ್ಟಿಲೇ ಸಿಗದಂತಾಯಿತು. “ನಾ ಸೊಸೀರಿ, ಹುಡುಗಿ ಒಳಗದಾಳ್ರಿ,” ಎಂದೆ.

ಬಾಗಿಲ ಸಂದಿನಿಂದ ನಾದಿನಿಯ ದನಿ ಬಂತು: “ನಾನೂ ಹತ್ತತೇನ್ರಿ!”

ಓಣಿಗೆ ಓಣಿಯೇ ನಕ್ಕಿತು. ಪುರಾಣದ ಪುಸ್ತಕ ಮುಚ್ಚಿ ಮಾವನೂ ನಕ್ಕರು. ಉಪ್ಪಿಟ್ಟು ತಿನ್ನುವ ಮೊದಲೇ ಸಂಬಂಧ ಕೂಡಿತು. ಮದುವೆಯ ದಿನ ದಿಬ್ಬಣ ತಿರುವಿಗೆ ಬಂದಾಗ ನೋಡುತ್ತೇವೆ, ಖಾಲಾ ಯಾರದೋ ಕೈಯಿಂದ ಕಂಬದ ಕೊರಳಿಗೆ ಮಲ್ಲಿಗೆಯ ಸರ ಹಾಕಿಸಿದ್ದಾಳೆ.