ಸೀಲ್ ಒಡೆಯಲಾ ಮೇಡಂ?

ನಮ್ಮ ಕಂಪನಿಯ ಹೆಡ್ಡಾಫೀಸು ಇರುವುದು ಯುರೋಪಿನ ಒಂದು ಮೂಲೆಯಲ್ಲಿ. ಅಲ್ಲಿ ಕೂತವರಿಗೆ ಚಳಿಗಾಲ ಅಂದರೆ ಹಿಮ. ಹಾಗಾಗಿ ಪ್ರತಿ ನವೆಂಬರಿನಲ್ಲಿ ಅವರಿಂದ ನನಗೆ ಒಂದು ಪಟ್ಟಿ ಬರುತ್ತದೆ. ಟ್ರಕ್ಕುಗಳಲ್ಲಿ ಹಿಮ ಬಗೆಯುವ ಸಲಿಕೆ ಉಂಟಾ, ಚಕ್ರಕ್ಕೆ ಸುತ್ತುವ ಸರಪಳಿ ಉಂಟಾ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಪಟ್ಟಿ ಉಂಟಾ. ನಾನು ದೋಹಾದಲ್ಲಿ ಏಸಿ ಹಾಕಿ ಕೂತು ಒಂದೊಂದರ ಮುಂದೆಯೂ ‘ಅನ್ವಯಿಸುವುದಿಲ್ಲ’ ಎಂದು ಬರೆಯುತ್ತಾ ಹೋಗುತ್ತೇನೆ.

ನನ್ನ ಕೆಲಸ ಟ್ರಕ್ ಡ್ರೈವರುಗಳ ಸುರಕ್ಷತೆ ನೋಡಿಕೊಳ್ಳುವುದು. ಕಾರ್ಕಳದ ಕಡೆಯ ಹೆಂಗಸೊಬ್ಬಳು ನಲವತ್ತು ಡ್ರೈವರುಗಳನ್ನು ಕೂರಿಸಿ ಪಾಠ ಮಾಡುತ್ತಾಳೆ ಅಂದರೆ ಊರಿನ ನೆಂಟರಿಗೆ ಈಗಲೂ ನಗು. ‘ನಿನಗೆ ಲಾರಿ ಬಿಡ್ಲಿಕ್ಕೆ ಬರ್ತದಾ?’ ಎಂದು ಕೇಳುತ್ತಾರೆ. ಬರುವುದಿಲ್ಲ. ಬೈಯಲಿಕ್ಕೆ ಚೆನ್ನಾಗಿ ಬರುತ್ತದೆ, ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು.

ಹಿಮ ಇಲ್ಲ ಎಂದು ಇಲ್ಲಿಯ ಚಳಿಗಾಲವನ್ನು ಹಗುರವಾಗಿ ತೆಗೆದುಕೊಳ್ಳಬಾರದು ಮಾರಾಯ್ರೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಕೆಲವೊಮ್ಮೆ ಮಂಜು ಎಷ್ಟು ದಟ್ಟ ಇಳಿಯುತ್ತದೆ ಎಂದರೆ ಸ್ಟೇರಿಂಗ್ ಹಿಡಿದವನಿಗೆ ತನ್ನ ಗಾಡಿಯ ಮೂತಿಯೇ ಕಾಣುವುದಿಲ್ಲ. ಅದರೊಳಗೆ ನಮ್ಮ ಟ್ರೇಲರೊಂದು ಕೆಟ್ಟು ನಿಂತರೆ, ಹಿಂದಿನಿಂದ ಬರುವವನಿಗೆ ಅದು ಕಾಣುವುದು ಗುದ್ದಿದ ಮೇಲೆ. ಹಾಗಾಗಿ ಪ್ರತಿ ಗಾಡಿಗೆ ಒಂದು ಪೆಟ್ಟಿಗೆ ಮಾಡಿಸಿದೆ. ಹೊಳೆಯುವ ಜಾಕೆಟ್, ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋನ, ಟಾರ್ಚು, ನೀರು, ಒಂದು ದಪ್ಪ ಕಂಬಳಿ.

ಕಂಬಳಿ ಇಟ್ಟದ್ದೇ ತಪ್ಪಾಯಿತು. ಗಲ್ಫಿನಿಂದ ಊರಿಗೆ ಹೋಗುವವನು ಕಂಬಳಿ ಇಲ್ಲದೆ ಹೋಗುವುದುಂಟಾ? ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಹೆಸರು, ಒಳಗೆ ಹೂವಿನ ಚಿತ್ರದ ಕಂಬಳಿ. ಇದು ನಮ್ಮವರಲ್ಲಿ ಹಿಂದಿನಿಂದಲೂ ನಡೆದುಕೊಂಡು ಬಂದದ್ದು. ಮೊದಲ ವರ್ಷ ಫೆಬ್ರವರಿಯಲ್ಲಿ ಪೆಟ್ಟಿಗೆ ತೆರೆದು ನೋಡಿದರೆ ನನ್ನ ಕಂಬಳಿಗಳು ಉಪ್ಪಿನಂಗಡಿ, ಕಣ್ಣೂರು, ಪೇಶಾವರ ಎಲ್ಲಾ ತಲುಪಿದ್ದವು. ಟಾರ್ಚುಗಳು ಲೇಬರ್ ಕ್ಯಾಂಪಿನ ಬಚ್ಚಲಲ್ಲಿ ಸಿಕ್ಕವು. ಒಂದು ತ್ರಿಕೋನದ ಮೇಲೆ ಯಾರದೋ ಸಾಕ್ಸ್ ಒಣಗುತ್ತಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಮರುವರ್ಷ ಎಲ್ಲಾ ಪೆಟ್ಟಿಗೆಗಳಿಗೂ ಟೇಪು ಸುತ್ತಿ, ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ನನ್ನ ಸಹಿ ಹಾಕಿದೆ. ಸೀಲ್ ಒಡೆದರೆ ಕಾರಣ ಬರೆದು ಕೊಡಬೇಕು ಎಂದು ಒಂದು ಫಾರಮ್ಮನ್ನೂ ಮಾಡಿದೆ. ಕ್ಲಾಸಿನಲ್ಲಿ ಹಿಂದಿ, ಮಲಯಾಳಂ, ಅರಬ್ಬಿ ಎಲ್ಲಾ ಕಲಸಿ, ‘ಸೀಲ್ ಟೂಟಾ ತೋ ಖಲಾಸ್’ ಎಂದು ಮೇಜು ಕುಟ್ಟಿದೆ. ನಲವತ್ತು ತಲೆಗಳು ಅಲ್ಲಾಡಿದವು. ಆಮೇಲೆ ಪ್ರತಿ ವಾರ ಹೋಗಿ ನೋಡಿದರೆ ನಲವತ್ತು ಸೀಲೂ ಹಾಗೇ ಇರುತ್ತಿದ್ದವು. ಫೋಟೋ ತೆಗೆದು ಹೆಡ್ಡಾಫೀಸಿಗೆ ಕಳಿಸಿದೆ. ಭಾರಿ ಶಿಸ್ತು ಎಂದು ಹೊಗಳಿಕೆ ಬಂತು, ನಾನೂ ಎರಡು ದಿನ ಉಬ್ಬಿಕೊಂಡೇ ಓಡಾಡಿದೆ.

ಆ ಡ್ರೈವರುಗಳಲ್ಲಿ ಎಲ್ಲರಿಗಿಂತ ಹಿರಿಯರು ಉಪ್ಪಿನಂಗಡಿಯ ಒಬ್ಬರು ಬ್ಯಾರಿ ಮುಸ್ಲಿಮರು. ನಾವೆಲ್ಲ ಅವರನ್ನು ಕರೆಯುವುದು ಕಾಕ ಎಂದೇ. ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವವರು ಅವರೊಬ್ಬರೇ. ಉಳಿದವರಿಗೆ ನನ್ನ ಹೆದರಿಕೆ, ಕಾಕನಿಗೆ ನನ್ನ ಮಾತಿನ ಮೇಲೆ ನಂಬಿಕೆ.

ಜನವರಿಯ ಒಂದು ಬೆಳಿಗ್ಗೆ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದೆ. ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಕಿಟಕಿಯ ಪರದೆ ಸರಿಸಿದರೆ ಎದುರಿನ ಮನೆಯೇ ಇಲ್ಲ, ಬರೀ ಬಿಳಿ. ಇವತ್ತು ದುಖಾನ್ ಹೆದ್ದಾರಿಯ ಕಡೆ ಯಾರು ಹೋಗಿದ್ದಾರೋ ಎಂದು ನೆನಪು ಮಾಡುತ್ತಾ ಹೋಗಿ ಫೋನು ನೋಡಿದೆ. ನಾಲ್ಕು ಮಿಸ್ ಕಾಲ್, ನಾಲ್ಕೂ ಕಾಕನದು.

ತಿರುಗಿ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಇನ್ನೊಮ್ಮೆ ಮಾಡಿದೆ, ಆಗಲೂ ತೆಗೆಯಲಿಲ್ಲ. ಕಾಕನ ಹೆಂಡತಿಗೆ ಯಾವ ಬಾಯಲ್ಲಿ ಫೋನ್ ಮಾಡುವುದು ಎಂಬಲ್ಲಿಯವರೆಗೆ ತಲೆ ಓಡಿತ್ತು. ಮೂರನೆಯ ಸಲ ತೆಗೆದರು.

‘ಎಲ್ಲಿದ್ದೀರಿ ಕಾಕ?’

‘ದುಖಾನ್ ರೋಡಲ್ಲೇ ಮೇಡಂ. ಗಾಡಿ ಬಂದ್ ಆಯ್ತು. ಕರೆಂಟೇ ಇಲ್ಲ, ಒಂದು ಲೈಟೂ ಹತ್ತುದಿಲ್ಲ. ಬದಿಗೆ ಹಾಕಿದ್ದೇನೆ.’

‘ತ್ರಿಕೋನ ಇಟ್ಟಿರಾ? ಜಾಕೆಟ್ ಹಾಕಿದ್ದೀರಾ?’

ಏನೋ ಒಂದು ಗಾಡಿ ಬರ್ರನೆ ದಾಟಿ ಹೋದದ್ದು ಕೇಳಿಸಿತು.

‘ಅದಕ್ಕೇ ಫೋನ್ ಮಾಡಿದ್ದು ಮೇಡಂ. ಸೀಲ್ ಒಡೆಯಲಾ?’

ನಾನು ಫೋನಿಗೆ ಸಿಗುವವರೆಗೆ ಆ ಮನುಷ್ಯ ಕತ್ತಲಾದ ಟ್ರೇಲರಿನ ಹಿಂದೆ ನಿಂತು, ಹೆಗಲ ಮೇಲಿನ ಬಿಳಿ ಬೈರಾಸು, ಅಂದರೆ ಟವೆಲು, ಬೀಸಿ ಗಾಡಿಗಳನ್ನು ತಪ್ಪಿಸುತ್ತಿದ್ದರಂತೆ. ಬಿಳಿ ಮಂಜಿನಲ್ಲಿ ಬಿಳಿ ಬೈರಾಸು. ಒಂದು ಪಿಕಪ್ಪು ಬೈರಾಸಿಗೆ ಉಜ್ಜಿಕೊಂಡೇ ಹೋಯಿತಂತೆ. ಬೀಸುತ್ತಿದ್ದುದರಿಂದಲೇ ನನ್ನ ಫೋನು ತೆಗೆಯಲಿಕ್ಕೆ ಆಗಲಿಲ್ಲ ಎಂದು ಬೇರೆ ಸಾರಿ ಕೇಳಿದರು.

ಆಮೇಲೆ ತುಳುವಿನಲ್ಲಿ ಎಷ್ಟು ಬೈದೆ, ಕನ್ನಡದಲ್ಲಿ ಎಷ್ಟು ಬೈದೆ ಎಂದು ನನಗೆ ನೆನಪಿಲ್ಲ. ಒಡೆಯಿರಿ, ಜಾಕೆಟ್ ಹಾಕಿ, ತ್ರಿಕೋನ ದೂರದಲ್ಲಿಟ್ಟು, ಗಾಡಿ ಬಿಟ್ಟು ರಸ್ತೆ ಬದಿಯ ಬೇಲಿಯ ಆಚೆ ಹೋಗಿ ನಿಲ್ಲಿ, ನಿಂತ ಮೇಲೆ ಫೋನ್ ಮಾಡಿ ಎಂದೆ. ಕಂಪನಿಯ ರಿಪೇರಿ ಗಾಡಿಯನ್ನು ಅಲ್ಲಿಗೆ ಕಳಿಸಿದೆ. ಕಾಕನ ಫೋನು ಬರುವಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಕರಕಲಾಗಿ ಮನೆಯೆಲ್ಲ ಹೊಗೆ. ‘ನಿಂತೆ ಮೇಡಂ. ಕಂಬಳಿ ಒಳ್ಳೆ ಬೆಚ್ಚಗುಂಟು’ ಎಂದರು. ನನಗೆ ನಗು ಬಂತು, ಜೊತೆಗೆ ಅಳುವೂ ಬಂತು.

ಮಧ್ಯಾಹ್ನ ಕಾಕ ಆಫೀಸಿಗೆ ಬಂದು ಒಂದು ಕವರು ನನ್ನ ಮೇಜಿನ ಮೇಲಿಟ್ಟರು. ಒಳಗೆ ನನ್ನ ಸ್ಟಿಕ್ಕರು. ಎಲ್ಲೂ ಹರಿದಿರಲಿಲ್ಲ, ಸಹಿ ಇದ್ದ ಹಾಗೇ ಇತ್ತು.

‘ಬ್ಲೇಡ್ ಹಾಕಿ ಮೆಲ್ಲ ಎಬ್ಬಿಸಿದೆ. ನಿಮ್ಮ ಸೈನ್ ಹಾಳಾಗಬಾರದಲ್ಲ’ ಎಂದರು ಕಾಕ.

‘ಎಷ್ಟು ಹೊತ್ತು ಹಿಡಿಯಿತು?’

‘ಜಾಸ್ತಿ ಎಂತ ಇಲ್ಲ. ಒಂದೈದು ನಿಮಿಷ.’

ನಾನು ಒಡೆಯಿರಿ ಎಂದು ಅಷ್ಟು ಕಿರುಚಿದ ಮೇಲೂ ಐದು ನಿಮಿಷ. ಬೈಯಲಿಕ್ಕೆ ಬಾಯಿ ತೆರೆದೆ. ಬೈಗುಳ ಸಲ್ಲಬೇಕಾದ್ದು ನನಗೆ ಎಂದು ಗೊತ್ತಾಗಿ, ಅವರಿಗೆ ಚಾ ತರಿಸಿದೆ.

ಅದೇ ವಾರ ಕಂಪನಿಯ ಅಂಗಳದಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಮನೆಯ ಅಡುಗೆ ಕತ್ತರಿ ತಂದು, ಉಳಿದ ಮೂವತ್ತೊಂಬತ್ತು ಸೀಲನ್ನೂ ನಾನೇ ಕತ್ತರಿಸಿದೆ. ಈಗ ನನ್ನ ಚಳಿಗಾಲದ ಕ್ಲಾಸು ಶುರುವಾಗುವುದು ಪೆಟ್ಟಿಗೆ ತೆರೆಯುವುದರಿಂದ. ಪ್ರತಿಯೊಬ್ಬ ಡ್ರೈವರೂ ಎದ್ದು ಬಂದು ಜಾಕೆಟ್ ಹಾಕಿ, ತ್ರಿಕೋನ ಬಿಡಿಸಿ ನಿಲ್ಲಿಸಿ, ಕಂಬಳಿ ಹೊದ್ದು ತೋರಿಸಬೇಕು. ಕಂಬಳಿಗಳು ಈಗಲೂ ಊರಿಗೆ ಹೋಗುತ್ತವೆ. ಹೋಗಲಿ ಎಂದು ಹತ್ತು ಹೆಚ್ಚಿಗೆ ತರಿಸುತ್ತೇನೆ.

ಆ ಕವರಿನಲ್ಲಿ ಸ್ಟಿಕ್ಕರಿನ ಜೊತೆ ನಾನು ಮಾಡಿದ ಫಾರಮ್ಮೂ ಇತ್ತು. ಕಾರಣ ಎಂಬಲ್ಲಿ ಕಾಕ ದುಂಡಗಿನ ಕನ್ನಡದಲ್ಲಿ ಬರೆದಿದ್ದರು: ‘ಮಂಜು ಇತ್ತು. ಹೆದರಿಕೆ ಆಯಿತು. ಇನ್ನು ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇನೆ.’ ಅದರ ಕೆಳಗೆ, ಕಾರಣ ಒಪ್ಪಿದ್ದೇನೆ ಎಂದು ನಾನು ಸಹಿ ಹಾಕುವ ಜಾಗ ಉಂಟು. ಆ ಫಾರಮ್ಮು ನನ್ನ ಡ್ರಾಯರಿನಲ್ಲೇ ಇದೆ, ಇನ್ನೂ ಸಹಿ ಹಾಕಿಲ್ಲ.