ಅಳತೆಗೊಂದು ಹಳೆಯ ಫ್ರಾಕು

ಜೈಲಿನಲ್ಲಿ ಅವಳಿಗೆ ಕಾಲರಕ್ಕ ಎಂದೇ ಹೆಸರು. ಅಲ್ಲಿನ ಹೊಲಿಗೆ ತರಬೇತಿಯಲ್ಲಿ ಒಬ್ಬಳಿಗೆ ತೋಳು, ಒಬ್ಬಳಿಗೆ ಜೇಬು ಎಂದು ಕೆಲಸ ಹಂಚಿದಾಗ ಅವಳ ಪಾಲಿಗೆ ಬಂದದ್ದು ಕಾಲರು. ಗಂಡನ ಏಟು ತಡೆಯಲಾರದೆ ಒಂದು ದಿನ ಕೈಗೆ ಸಿಕ್ಕಿದ್ದನ್ನು ತಿರುಗಿ ಬೀಸಿದ್ದಳು. ಅವನು ಮತ್ತೆ ಏಳಲಿಲ್ಲ. ಅದೇ ಕೈ ಜೈಲಿನಲ್ಲಿ ಕಾಲರಿನ ಮೂಲೆಯನ್ನು ಒಂದಿಷ್ಟೂ ಸುಕ್ಕಾಗದಂತೆ ಮಗುಚುವುದನ್ನು ಕಲಿತಿತು. ಆದರೆ ಅಲ್ಲಿ ಹೊಲಿಯುತ್ತಿದ್ದ ಸಮವಸ್ತ್ರಗಳು ಸಣ್ಣದು, ನಡುವಿನದು, ದೊಡ್ಡದು, ಇಷ್ಟೇ. ಯಾರ ಮೈಗೂ ಟೇಪು ಹಿಡಿಯುವ ಪ್ರಮೇಯವೇ ಇರಲಿಲ್ಲ.

ಅವಳ ಮಗಳು ಅಣ್ಣನ ಮನೆಯಲ್ಲಿ ಬೆಳೆಯುತ್ತಿದ್ದಳು.

"ಮೊದಲು ಒಂದು ಅಂಗಡೀಲಿ ಕೆಲಸ ಹಿಡಿ, ಆಮೇಲೆ ಕರ್ಕೊಂಡು ಹೋಗು. ಮಗೂನ ಕಟ್ಕೊಂಡು ಎಲ್ಲಿ ಅಲೀತೀಯ?" ಎಂದಿದ್ದ ಅಣ್ಣ, ಅವಳು ಬಿಡುಗಡೆಯಾಗಿ ಬಂದ ದಿನ. ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಿರಲಿಲ್ಲ. ಮಗಳೋ ಆಗಲೇ ತನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿಟ್ಟಿದ್ದಳು. "ಅಮ್ಮ, ಕೆಲಸ ಸಿಕ್ಕಿದ ದಿನ ನನ್ನ ಅಳತೆ ತಗೋಬೇಕು. ಹೊಸ ಫ್ರಾಕ್ ಹೊಲಿಬೇಕು."

ಟೈಲರ್ ಅಂಗಡಿಯ ಯಜಮಾನಿ ಒಳ್ಳೆಯವಳು. "ನೀನು ಎಲ್ಲಿಂದ ಬಂದೆ ಅನ್ನೋದು ನಮ್ಮಿಬ್ಬರಲ್ಲೇ ಇರ್ಲಿ. ಒಂದು ವಾರ ನೋಡ್ತೀನಿ," ಎಂದು ಕಿಟಕಿಯ ಪಕ್ಕದ ಮಶೀನು ಕೊಟ್ಟಳು.

ವಾರ ಮುಗಿಯುತ್ತ ಬಂದಿತ್ತು. ಕಟಿಂಗ್ ಮಾಡುವವಳು ಕತ್ತರಿಗಿಂತ ನಾಲಿಗೆಯನ್ನೇ ಜೋರಾಗಿ ಆಡಿಸುವವಳು. ಆ ದಿನ ಗಿರಾಕಿಯೊಬ್ಬಳನ್ನು ನಿಲ್ಲಿಸಿಕೊಂಡೇ ಇವಳನ್ನು ಕೆಣಕಿದಳು: "ಕಾಲರು ನೋಡಿದ್ರೆ ಕಣ್ಣಿಗೆ ಒತ್ಕೋಬೇಕು, ಹಾಗೆ ಹೊಲೀತೀಯ. ಅಳತೆ ತಗೋ ಅಂದ್ರೆ ಮಾತ್ರ ಹಾವು ಕಂಡೋರ ಥರ ಹಿಂದೆ ಸರೀತೀಯಲ್ಲಕ್ಕ!"

"ನನ್ನ ಸೊಂಟಕ್ಕೆ ಟೇಪು ಸಾಲಲ್ಲ ಅಂತ ಹೆದರಿದಾಳೆ ಬಿಡಮ್ಮ," ಎಂದಳು ದಪ್ಪಗಿದ್ದ ಗಿರಾಕಿ. ಎಲ್ಲರೂ ನಕ್ಕರು. ಅವಳಿಗೂ ಬಹಳ ದಿನಗಳ ಮೇಲೆ ನಗು ಉಕ್ಕಿತು.

"ಬಾ, ನಿನ್ನ ಮೇಲೇ ತೋರಿಸ್ತೀನಿ. ಕೈ ಎತ್ತು," ಎಂದಳು ಕಟಿಂಗಿನವಳು ಟೇಪು ಹಿಡಿದು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮೈ ತಾನಾಗಿ ತಿರುಗಿತು. ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿ, ಗೋಡೆಗೆ ಮುಖ ಮಾಡಿ, ಕಾಲು ಅಗಲಿಸಿ, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ನಿಂತುಬಿಟ್ಟಳು. ಜೈಲಿನಲ್ಲಿ ಹೊಲಿಗೆ ಕೋಣೆಯಿಂದ ಹೊರಡುವಾಗ, ಸೂಜಿ ಬ್ಲೇಡು ಬಚ್ಚಿಟ್ಟುಕೊಂಡಿದ್ದಾರೆಯೇ ಎಂದು ದಿನವೂ ಮೈ ತಡಕುತ್ತಿದ್ದದ್ದು ಹೀಗೆ ನಿಲ್ಲಿಸಿಯೇ.

ಮಶೀನುಗಳ ಸದ್ದು ನಿಂತಿತು. ಅವಳು ತಿರುಗಿ ನೋಡಿದಾಗ ಗಿರಾಕಿ ಸ್ಟೂಲಿನ ಮೇಲಿದ್ದ ತನ್ನ ಕೈಚೀಲವನ್ನು ಎತ್ತಿ ಎದೆಗವುಚಿಕೊಳ್ಳುತ್ತಿದ್ದಳು.

ಸಂಜೆ ಯಜಮಾನಿ ಅವಳ ಮುಖ ನೋಡದೆ ಹೇಳಿದಳು: "ನನಗೇನೂ ಇಲ್ಲಮ್ಮ. ಆದ್ರೆ ಆಯಮ್ಮ ಮೆಟ್ಟಿಲು ಇಳಿಯೋ ಮುಂಚೆನೇ ಫೋನ್ ಕಿವಿಗಿಟ್ಟಿದ್ಲು. ನಾಳೆ ಬೀದಿಗೆಲ್ಲ ಸುದ್ದಿ. ಗುಂಡಿ ಹಾಕೋ ಕೆಲಸ ಕೊಡ್ತೀನಿ, ಮನೇಲೇ ಕೂತು ಮಾಡು."

"ಕಾಲರು?"

"ಅದಕ್ಕೆ ಮಶೀನು ಬೇಕಲ್ಲ."

ಅವಳ ಹತ್ತಿರ ಮಶೀನು ಇರಲಿಲ್ಲ. ಕಟಿಂಗಿನವಳು ಬಾಗಿಲವರೆಗೆ ಬಂದು, ತನ್ನ ಟೇಪನ್ನು ಅವಳ ಚೀಲದೊಳಕ್ಕೆ ಹಾಕಿದಳು. "ನನ್ನ ಹಾಳು ಬಾಯಿ ಅಕ್ಕ..."

"ನೀನೇನು ತಪ್ಪು ಹೇಳಿದೆ? ಅಳತೆಗೆ ಕೈ ಎತ್ತಲೇಬೇಕಲ್ಲ," ಎಂದಳು ಇವಳು.

ಅಣ್ಣನ ಮನೆಯಲ್ಲಿ ಅತ್ತಿಗೆ ನೀರು ತಂದುಕೊಟ್ಟು, ಗುಂಡಿಯ ಪೊಟ್ಟಣವನ್ನೂ ಅಂಗಿಗಳ ಗಂಟನ್ನೂ ನೋಡಿದಳು. "ಅಂಗಡೀಲಿ ಅಲ್ವಾ? ನಿಮ್ಮಣ್ಣ ಹೇಳಿದ್ದು..." ಎಂದಳು.

ಮಗಳಿಗೆ ಕಂಡದ್ದು ಚೀಲದಿಂದ ಇಣುಕುತ್ತಿದ್ದ ಟೇಪು ಮಾತ್ರ. ಓಡಿಬಂದು ಎದುರಿಗೆ ನೆಟ್ಟಗೆ ನಿಂತು ಎರಡೂ ಕೈ ಎತ್ತಿದಳು. "ತಗೋ ಅಮ್ಮ, ಅಳತೆ!"

ಟೇಪು ಹಿಡಿದ ಕೈ ಮಗುವಿನ ಪಕ್ಕೆಯ ತನಕ ಹೋಗಿ ನಿಂತಿತು. ಆ ಪುಟ್ಟ ಕಂಕುಳಡಿ ಬೆರಳಾಡಿಸಲು ಅವಳಿಂದ ಆಗಲಿಲ್ಲ.

"ಕೈ ಇಳಿಸು ಮಗಾ, ಇಳಿಸು," ಎಂದಳು. "ಅಳತೆಗೆ ಒಂದು ಹಳೇ ಫ್ರಾಕ್ ಕೊಡು, ಸಾಕು."

ಮಗಳು ಕಟ್ಟಿಟ್ಟ ಚೀಲವನ್ನು ಬಿಚ್ಚಿ ಒಂದು ಫ್ರಾಕು ಹುಡುಕಿ ತಂದಳು. "ಇದು ಬಿಗಿ ಆಗತ್ತಮ್ಮ."

"ಒಂದಿಷ್ಟು ಬಟ್ಟೆ ಜಾಸ್ತಿ ಬಿಟ್ಟು ಹೊಲೀತೀನಿ," ಎಂದು ಅವಳು ಅದನ್ನು ಮಡಚಿ ಗುಂಡಿಯ ಪೊಟ್ಟಣದ ಮೇಲಿಟ್ಟಳು. ಎಷ್ಟು ಬಿಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅತ್ತಿಗೆ ಬಿಚ್ಚಿದ ಚೀಲದಿಂದ ಉಳಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿಗೆ ಜೋಡಿಸತೊಡಗಿದಳು.